ಬೆಂಗಳೂರಿನ ಹತ್ತಿರ ಗಾಳ ಹಾಕಲು ಜಾಗ ಎಲ್ಲಿದೆ? ಪರವಾನಗಿ ಬೇಕಾ?

ಏರಿಮೇಲೆ_ಕೂತವನು:
ಎಲ್ಲರಿಗೂ ನಮಸ್ಕಾರ. ಊರು ಮಂಡ್ಯ ಕಡೆ, ಈಗ ಇರುವುದು ಬೆಂಗಳೂರಿನಲ್ಲಿ. ಮಗ ಮೀನು ಹಿಡಿಯುವ ವಿಡಿಯೊ ನೋಡಿ ನೋಡಿ ಈಗ ರಾಡು, ರೀಲು ಬೇಕೇ ಬೇಕು ಅಂತ ಹಟ ಹಿಡಿದಿದ್ದಾನೆ. ನಾವು ಚಿಕ್ಕವರಿದ್ದಾಗ ಬಿದಿರು ಕಡ್ಡಿಗೆ ದಾರ ಕಟ್ಟಿಕೊಂಡು ನಾಲೆ ಪಕ್ಕ ಕೂತರೆ ಯಾರೂ ಕೇಳುತ್ತಿರಲಿಲ್ಲ. ಈಗ ಯಾವ ಕೆರೆಗೆ ಹೋದರೂ ಬೋರ್ಡು, ಇಲ್ಲಾಂದ್ರೆ ಗುತ್ತಿಗೆಯವರ ಕಡೆಯ ಹುಡುಗರು ಬಂದು ಎಬ್ಬಿಸುತ್ತಾರೆ. ಭಾನುವಾರ ಕಾರಿನಲ್ಲಿ ಹೋಗಿ ಸಂಜೆ ವಾಪಸ್ ಬರುವಂಥ ಜಾಗ ಇದ್ದರೆ ಹೇಳಿ. ಪರವಾನಗಿ ಯಾರು ಕೊಡುತ್ತಾರೆ? ಇನ್ನೊಂದು, ಕಾವೇರಿ ದಂಡೆಯ ಭೀಮೇಶ್ವರಿಯಲ್ಲಿ ಮಹಶೀರ್ ಅನ್ನುವ ದೊಡ್ಡ ಹೊಳೆಮೀನು ಹಿಡಿಯಲು ಬಿಡುತ್ತಾರೆ ಅಂತ ಎಲ್ಲೋ ಹಳೆಯ ಬರಹದಲ್ಲಿ ಓದಿದ್ದೆ. ಅದು ಈಗಲೂ ಇದೆಯಾ?

ಗೆಂಡೆಪ್ರಿಯ:
ಸರ್, ಆ ಹುಡುಗರ ಮೇಲೆ ಸಿಟ್ಟಾಗಬೇಡಿ. ಕೆರೆ ಊರಿನದಾದರೂ ಮೀನು ಗುತ್ತಿಗೆದಾರನದು. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ, ಚಿಕ್ಕವು ಗ್ರಾಮ ಪಂಚಾಯಿತಿ ಕೈಯಲ್ಲಿರುತ್ತವೆ. ತುಂಬಾ ಕಡೆ ಮೀನುಗಾರರ ಸಹಕಾರ ಸಂಘವೇ ಗುತ್ತಿಗೆ ಹಿಡಿದಿರುತ್ತದೆ. ಅವರು ದುಡ್ಡು ಕಟ್ಟಿ, ಮೀನುಮರಿ ತಂದು ಬಿಟ್ಟು, ಮಳೆ ಬರುತ್ತಾ ಇಲ್ವಾ ಅಂತ ಆಕಾಶ ನೋಡಿಕೊಂಡು ಕೂತಿರುತ್ತಾರೆ. ನಾವು ಹೋಗಿ ಸುಮ್ನೆ ಗಾಳ ಹಾಕಿದರೆ ಅವರ ಹೊಲದಲ್ಲಿ ಜೋಳದ ತೆನೆ ಮುರಿದ ಹಾಗೆ.

ಹಾಗಾಗಿ ಮೊದಲು ಆ ಮನುಷ್ಯನನ್ನು ಹುಡುಕಿ ಮಾತಾಡಿಸಿ. ಏರಿ ಹತ್ತಿರದ ಟೀ ಅಂಗಡಿಯಲ್ಲಿ ಕೇಳಿದರೆ ಸಾಕು, ಯಾರ ಗುತ್ತಿಗೆ ಅಂತ ಹೇಳುತ್ತಾರೆ. ಮಗು ಜೊತೆಗಿದೆ, ಬಲೆ ತಂದಿಲ್ಲ, ಒಂದೇ ಕಡ್ಡಿ, ದೊಡ್ಡ ಮೀನು ಸಿಕ್ಕರೆ ನಿಮಗೇ ಕೊಡುತ್ತೇವೆ ಅಂದರೆ ಬೇಡ ಅನ್ನುವವರು ಕಡಿಮೆ. ಕೆಲವರು ದಿನಕ್ಕೆ ಇಷ್ಟು ಅಂತ ಕೇಳುತ್ತಾರೆ, ಕೊಟ್ಟುಬಿಡಿ. ಜಲಾಶಯದ ಹಿನ್ನೀರಾದರೆ ಇಲಾಖೆಯ ಪರವಾನಗಿ ಬೇಕು. ಹೊರಡುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ.

ದುಬಾರಿ ರೀಲು ಈಗಲೇ ಬೇಡ. ಹುಡುಗನಿಗೆ ಬಿದಿರು ಕಡ್ಡಿ, ತಂಗೂಸಿ (ನೈಲಾನ್ ದಾರ), ಚಿಕ್ಕ ಗಾಳ, ಒಂದು ಬೆಂಡು, ಸೀಸದ ಗುಂಡು ಸಾಕು. ಎರೆಹುಳ ಹಾಕಿ ದಂಡೆ ಹತ್ತಿರವೇ ಬಿಟ್ಟರೆ ಜಿಲೇಬಿ ಮೀನು (ತಿಲಾಪಿಯಾ) ಬಂದೇ ಬರುತ್ತದೆ, ಮಕ್ಕಳಿಗೆ ಬೇಕಾದ್ದೂ ಅದೇ ಅಲ್ವಾ, ಬೆಂಡು ಮುಳುಗುವುದು. ದೊಡ್ಡದು ಬೇಕೆಂದರೆ ಲೆಕ್ಕ ಬೇರೆ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಕಾಟ್ಲಾ ಬೇಕೆನ್ನುವವರು ಸೀಸ ಕಟ್ಟಿ ತಳಕ್ಕೆ ಇಳಿಸಿ ದಿನವಿಡೀ ಕೂತಿರುವುದನ್ನು ನೋಡಿದ್ದೇನೆ, ಹೇಗೆ ಸಿಗಬೇಕು? ಗೆಂಡೆಗೆ ಕಡಲೆಕಾಯಿ ಹಿಂಡಿ, ಹಿಟ್ಟು ಕಲಸಿ ಉಂಡೆ ಮಾಡಿ. ಬೆಳಗಿನ ಜಾವ ಅಥವಾ ಸಂಜೆ ಹೋಗಿ, ನಡು ಮಧ್ಯಾಹ್ನ ಬಿಸಿಲು ತಿನ್ನುವುದಷ್ಟೇ.

ನಗರದೊಳಗಿನ ಕೆರೆಗಳ ಮೀನು ಮಾತ್ರ ತಿನ್ನಬೇಡಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬಹುದು. ಒಳಚರಂಡಿ ನೀರು ಸೇರುವ ಕಡೆ ಮೀನು ಬದುಕಿದ್ದರೂ ತಟ್ಟೆಗೆ ಬರುವುದು ಬೇಡ.

ಕಾವೇರಿ_ದಂಡೆ:
ಭೀಮೇಶ್ವರಿ ವಿಷಯ ನಾನು ಹೇಳುತ್ತೇನೆ. ಆ ಕಾಲ ಮುಗಿಯಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಮೂರೂ ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಗೆ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗಾಳ ಹಾಕುವುದೂ ಬೇಟೆಯೇ ಅಂತ ಆಗಿ ಅಲ್ಲಿ ಅದು ನಿಂತುಹೋಗಿ ಎಷ್ಟೋ ವರ್ಷ ಆಯಿತು. ಈಗ ಹೋದರೆ ಹರಿಗೋಲು, ಕಯಾಕು, ಹಕ್ಕಿ ನೋಡುವುದು. ಅದೂ ಕೆಟ್ಟದ್ದೇನಲ್ಲ.

ಆದರೆ ಆಗ ಹೇಗಿತ್ತು ಅಂತ ಹೇಳದೆ ಇರಲು ಆಗುತ್ತಿಲ್ಲ. ಪ್ರಪಂಚದ ಎಲ್ಲೆಲ್ಲಿಂದಲೋ ಜನ ಬಂದು, ನಮ್ಮ ರಾಗಿ ಹಿಟ್ಟನ್ನು ಬೇಯಿಸಿ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸಿ, ಬಂಡೆ ಮೇಲೆ ಗಂಟೆಗಟ್ಟಲೆ ಕೂತು, ಮಹಶೀರ್ ಸಿಕ್ಕರೆ ತೂಕ ನೋಡಿ, ಫೋಟೊ ತೆಗೆದು, ವಾಪಸ್ ನೀರಿಗೇ ಬಿಡುತ್ತಿದ್ದರು. ಮೊದಲು ಕದ್ದು ಮೀನು ಹಿಡಿಯುತ್ತಿದ್ದ ಊರಿನವರೇ ಅಲ್ಲಿ ಗೈಡುಗಳಾಗಿ ನದಿ ಕಾಯುತ್ತಿದ್ದರು. ಗಾಳದವರು ಹೋದ ಮೇಲೆ ನೀರಿನಲ್ಲಿ ತೋಟೆ ಸಿಡಿಸಿ ಮೀನು ಕೊಲ್ಲುವವರಿಗೆ ಹೆದರಿಕೆಯೇ ಇಲ್ಲದಂತಾಯಿತು ಅನ್ನುವವರಲ್ಲಿ ನಾನೂ ಒಬ್ಬ. ಕಾಯ್ದೆಯ ಕಡೆಯವರು ಒಪ್ಪುವುದಿಲ್ಲ, ಅವರ ಮಾತಿನಲ್ಲೂ ಅರ್ಥವಿದೆ. ವನ್ಯಜೀವಿಧಾಮ ಅಂದಮೇಲೆ ಜಿಂಕೆಗೆ ಒಂದು ನ್ಯಾಯ, ಮೀನಿಗೆ ಒಂದು ಅಂತ ಹೇಗೆ ಮಾಡುವುದು?

ಇನ್ನೊಂದು ಬೇಜಾರಿನ ಸಂಗತಿ. ಕಾವೇರಿಯ ಮೂಲ ಮಹಶೀರ್ ಬೆನ್ನು ಉಬ್ಬಿದ ಜಾತಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕೆಜಿ ಹತ್ತಿರ. ಆಮೇಲೆ ಮಹಶೀರ್ ಉಳಿಸಲು ಅಂತಲೇ ಮಹಾರಾಷ್ಟ್ರದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರ್‌ಗಳನ್ನು ತಂದು ಕಾವೇರಿಗೆ ಬಿಟ್ಟರು. ಅವು ಹೆಚ್ಚಿದವು, ಬೆನ್ನು ಉಬ್ಬಿದ ಮೂಲ ಜಾತಿ ಕುಗ್ಗಿತು. 2018ರಲ್ಲಿ ಈ ಮೂಲ ಜಾತಿಗೆ ಟಾರ್ ರೆಮಾದೇವಿ ಅನ್ನುವ ವೈಜ್ಞಾನಿಕ ಹೆಸರು ಖಚಿತವಾಯಿತು, ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಒಳ್ಳೆಯದು ಮಾಡಲು ಹೋಗಿ ಆದದ್ದು ಇದು.

ಮಹಶೀರ್ ಆಸೆ ಬಿಡದಿದ್ದರೆ ಕೊಡಗಿನ ವಾಲ್ನೂರಿನ ಕಡೆ ವಿಚಾರಿಸಿ. ಅಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಕಾವೇರಿಯ ಒಂದು ಭಾಗ ನೋಡಿಕೊಂಡು, ಹಿಡಿದು ಬಿಡುವ ಷರತ್ತಿನ ಮೇಲೆ ಗಾಳ ಹಾಕಲು ಅವಕಾಶ ಕೊಡುತ್ತಾ ಬಂದಿದ್ದಾರೆ. ಈಗಿನ ನಿಯಮ ಏನು ಅಂತ ಅವರನ್ನೇ ಕೇಳಿ ಹೊರಡಿ. ಒಂದು ದಿನದಲ್ಲಿ ಹೋಗಿ ಬರುವ ಜಾಗ ಅಂತೂ ಅಲ್ಲ.

ತೀರ್ಥಳ್ಳಿ_ಮಳೆ:
ಎಲ್ಲ ಸರಿ, ಮಳೆಗಾಲದ ಮಾತು ಯಾರೂ ಎತ್ತಲಿಲ್ಲ. ನಮ್ಮ ಕಡೆ ಮೊದಲ ಮಳೆಗೆ ಹತ್ತುಮೀನಿನ ಗಲಾಟೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡಲು ಹತ್ತಿ ಬರುವ ಮೀನನ್ನು ಕೂಣಿ (ಬಿದಿರಿನ ಬುಟ್ಟಿಯಂಥ ಬಲೆ) ಇಟ್ಟು, ಟಾರ್ಚು ಹಿಡಿದು, ಕತ್ತಿಯಲ್ಲಿ ಕಡಿದು ಚೀಲಗಟ್ಟಲೆ ಒಯ್ಯುತ್ತಾರೆ. ಹಿಂದೆ ಮನೆ ಸಾರಿಗೆ ಆಗುವಷ್ಟು ಹಿಡಿಯುತ್ತಿದ್ದರು, ಈಗ ಪೇಟೆಯಿಂದ ಜೀಪು ಬರುತ್ತದೆ. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು ಸರ್ ಅದು. ಆ ಒಂದೆರಡು ತಿಂಗಳು ಗಾಳ ಅಟ್ಟದ ಮೇಲಿಡಿ.

ಮಗನಿಗೆ ದೊಡ್ಡ ಮೀನು ತೋರಿಸಬೇಕು ಅಂದರೆ ಶೃಂಗೇರಿಗೋ, ರಾಮನಾಥಪುರಕ್ಕೋ, ಶಿಶಿಲಕ್ಕೋ ಕರೆದುಕೊಂಡು ಹೋಗಿ. ದೇವಸ್ಥಾನದ ಮೀನು, ಯಾರೂ ಮುಟ್ಟುವುದಿಲ್ಲ. ಕಾಲ ಬುಡಕ್ಕೇ ಬರುತ್ತವೆ. ದೋಣಿಯಲ್ಲಿ ಹುಟ್ಟು ಹಾಕುವ ಆಸೆ ಇದ್ದರೆ ಸಾಗರದ ಹತ್ತಿರ ಹೊನ್ನೆಮರಡು ಇದೆ, ಶರಾವತಿ ಹಿನ್ನೀರು. ಲೈಫ್ ಜಾಕೆಟ್ ಮಾತ್ರ ಬಿಚ್ಚಿಸಬೇಡಿ.

ಏರಿಮೇಲೆ_ಕೂತವನು:
ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಮುತ್ತತ್ತಿ ಅಥವಾ ಸಂಗಮದ ಕಡೆ ಹೋಗಿ ಕೂರಬಹುದಾ? ಹಿಡಿದ ಮೀನನ್ನೆಲ್ಲ ವಾಪಸ್ ಬಿಡಬೇಕು ಅಂತ ಮಗನ ವಾದ. ಮನೆಯಾಕೆ ಸಾರಿಗೆ ಖಾರ ಅರೆದು ಇಟ್ಟಿರುತ್ತಾಳೆ.

ಗೆಂಡೆಪ್ರಿಯ:
ಮುತ್ತತ್ತಿ, ಸಂಗಮ ಎರಡೂ ಬೇಡ. ಕಾಯ್ದೆ ಹಾಗಿರಲಿ, ಮೇಲಿನಿಂದ ನೀರು ಬಿಟ್ಟರೆ ನೋಡನೋಡುತ್ತಾ ಏರುತ್ತದೆ, ಬಂಡೆಗಳ ನಡುವೆ ಸುಳಿ, ಜೊತೆಗೆ ಮೊಸಳೆ. ಪ್ರತಿ ವರ್ಷ ಅಲ್ಲಿ ಜನ ಮುಳುಗುತ್ತಾರೆ. ಮಗು ಕರೆದುಕೊಂಡು ಹೋಗುವುದು ಕೆರೆಗೇ ಇರಲಿ, ಅದೂ ಕೆಸರು ಕಡಿಮೆ ಇರುವ ಏರಿ ಕಡೆ.

ಬಿಡುವುದೋ ತಿನ್ನುವುದೋ ಅನ್ನುವುದು ಯಾವ ಮೀನು ಅನ್ನುವುದರ ಮೇಲೆ. ಜಿಲೇಬಿ 1952ರಲ್ಲಿ ಹೊರಗಿನಿಂದ ನಮ್ಮ ದೇಶಕ್ಕೆ ಬಂದದ್ದು, ಕೆರೆ ತುಂಬ ಮರಿ ಹಾಕಿ ಬೇರೆ ಮೀನಿಗೆ ಜಾಗ ಬಿಡುವುದಿಲ್ಲ. ಅದನ್ನು ಧಾರಾಳವಾಗಿ ಮನೆಗೆ ತನ್ನಿ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರಂತೂ ಜೀವಂತ ಬಿಡಲೇಬೇಡಿ, ಅದರ ಸಾಕಣೆಗೇ ನಿಷೇಧ ಇದೆ. ಗುತ್ತಿಗೆದಾರ ಬಿಟ್ಟ ಕಾಟ್ಲಾ, ರೋಹು ಸಿಕ್ಕರೆ ಅವನ ಕೈಗೆ. ನದಿಯ ನಾಟಿ ಮೀನು ಸಿಕ್ಕರೆ ಮಗ ಹೇಳಿದ ಹಾಗೆ ಮಾಡಿ: ಕೈ ಒದ್ದೆ ಮಾಡಿಕೊಂಡು ಹಿಡಿದು, ಗಾಳ ಬಿಡಿಸಿ, ಬೇಗ ನೀರಿಗೆ. ಗಾಳದ ತುದಿಯ ಹಿಂಮುಖ ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟರೆ ಬಿಡಿಸುವುದು ಸುಲಭ, ಹುಡುಗನ ಬೆರಳಿಗೆ ಚುಚ್ಚಿದರೂ ಆಸ್ಪತ್ರೆಗೆ ಓಡುವುದು ತಪ್ಪುತ್ತದೆ.