ದಾಸವಾಳದ ಮೇಲೆ ಬೂದು ಮೂತಿ ಹುಳ: ಆ್ಯಪ್ ಅಮೆರಿಕದ ಹೆಸರು ಹೇಳ್ತಿದೆ!

ಚೆಟ್ಟಳ್ಳಿ ತೋಟದಾಕೆ
ಮನೆ ಮುಂದಿನ ದಾಸವಾಳದ ಎಲೆ ಅಂಚನ್ನೆಲ್ಲ ಯಾರೋ ಕತ್ತರಿ ಆಡಿಸಿದ ಹಾಗೆ ತಿಂದು ಹಾಕಿವೆ. ತಿನ್ನುವುದು ಬೂದು ಬಣ್ಣದ ಪುಟ್ಟ ಮೂತಿ ಹುಳ. ಮೂತಿ ಸೇರಿಸಿ 7 ಮಿಲಿಮೀಟರ್ ಇರಬಹುದು. ಕೈ ತಾಗಿದರೆ ಸಾಕು, ಸತ್ತ ಹಾಗೆ ಕೆಳಗೆ ಬೀಳುತ್ತದೆ. ಹುಲ್ಲಿನಲ್ಲಿ ಮತ್ತೆ ಸಿಗುವುದೇ ಇಲ್ಲ.

ಮೇಲಿನಿಂದ ಫೋಟೋ ತೆಗೆದು ಒಂದು ಆ್ಯಪ್‌ಗೆ ಹಾಕಿದೆ. ಅದು 'ಆಂಥೊನೊಮಸ್' ಅಂದಿತು, ಅದೊಂದು ಮೂತಿ ಹುಳದ ಗುಂಪಿನ ಹೆಸರಂತೆ. ಅಮೆರಿಕದ ಗುರುತು ಪಟ್ಟಿಯೊಂದನ್ನು ಹುಡುಕಿ ಓದಿದೆ. ಮುಂಗಾಲಿನ ತೊಡೆಯಲ್ಲಿ ಎರಡು ಮುಳ್ಳಿದ್ದರೆ ಹತ್ತಿಕಾಯಿ ಮೂತಿ ಹುಳ (ಬೋಲ್ ವೀವಿಲ್) ಅಂತಿದೆ. ನನ್ನದಕ್ಕೂ ತೊಡೆಯಲ್ಲಿ ಮುಳ್ಳಿದೆ. ನಮ್ಮಲ್ಲಿ ಹತ್ತಿಯೇ ಇಲ್ವಲ್ಲ, ಇದು ಹೇಗೆ ಬಂತು? ಕಾಫಿಗೂ ಹತ್ತುತ್ತದಾ?

ಪೊನ್ನಂಪೇಟೆ ಹುಳದಣ್ಣ
ಅಕ್ಕ, ಗಾಬರಿ ಬೇಡ. ಹತ್ತಿಕಾಯಿ ಮೂತಿ ಹುಳ ನಮ್ಮ ದೇಶದಲ್ಲೇ ಇಲ್ಲ. 1843ರಲ್ಲಿ ಅದಕ್ಕೆ ಆಂಥೊನೊಮಸ್ ಗ್ರ್ಯಾಂಡಿಸ್ ಎಂದು ಹೆಸರಿಟ್ಟರು. ಮೆಕ್ಸಿಕೋ ಕಡೆಯಿಂದ 1892ರ ಹೊತ್ತಿಗೆ ಟೆಕ್ಸಸ್‌ಗೆ ನುಗ್ಗಿ ಅಲ್ಲಿನ ಹತ್ತಿ ಬೆಳೆಗಾರರಿಗೆ ಕಣ್ಣೀರು ಹಾಕಿಸಿದ್ದು ಅದು. ಅದರ ಮೂತಿ ಉದ್ದ, ತೆಳ್ಳಗೆ, ಸೂಜಿಯ ಹಾಗೆ. ನಿಮ್ಮ ಫೋಟೋದಲ್ಲಿ ಮೂತಿ ಮೊಂಡು, ಅಗಲ. ಅಲ್ಲಿಗೇ ಆ ಹೆಸರು ಬಿದ್ದುಹೋಯಿತು. ತೊಡೆಯ ಮುಳ್ಳು ಬೇರೆ ಎಷ್ಟೋ ಮೂತಿ ಹುಳಗಳಿಗೂ ಇರುತ್ತದೆ.

ತಪ್ಪು ನಿಮ್ಮದಲ್ಲ, ಪಟ್ಟಿಯದು. ಲೆಕಾಂಟ್ ಮತ್ತು ಹಾರ್ನ್ ಎಂಬ ಅಮೆರಿಕದ ಕೀಟ ತಜ್ಞರು 1876ರಲ್ಲಿ ಮೆಕ್ಸಿಕೋದಿಂದ ಉತ್ತರಕ್ಕೆ ಸಿಗುವ ಮೂತಿ ಹುಳಗಳನ್ನೆಲ್ಲ ಒಂದೇ ಪುಸ್ತಕಕ್ಕೆ ತಂದರು. ಅಲ್ಲಿನ ಪಟ್ಟಿಯಲ್ಲಿ ನಮ್ಮ ಕೊಡಗಿನ ಚೆಟ್ಟಳ್ಳಿ ಎಲ್ಲಿ ಬರಬೇಕು? ಇಂಥ ಪಟ್ಟಿ 'ಹೌದಾ, ಇಲ್ವಾ' ಕೇಳುತ್ತಾ ಹೋಗುತ್ತದೆ. ಊರಿಗೇ ಸೇರದ ಹುಳ ಕೊಟ್ಟರೂ ಕೊನೆಗೆ ಒಂದು ಹೆಸರು ಕೊಟ್ಟೇ ಬಿಡುತ್ತದೆ. ಅದಕ್ಕೇ ನಾನು ಮೊದಲು ಕೇಳುವುದು ಊರು ಯಾವುದು, ಗಿಡ ಯಾವುದು ಅಂತ.

ನನ್ನ ಊಹೆ ಮೈಲೊಸೆರಸ್ ಅನ್ನುವ ಮೂತಿ ಹುಳದ ಗುಂಪು. ಬೆಳೆದ ಹುಳ ಎಲೆ ಅಂಚು ತಿನ್ನುತ್ತದೆ, ಮರಿ ಮಣ್ಣಿನಲ್ಲಿ ಬೇರು ತಿನ್ನುತ್ತದೆ. ತಮಾಷೆ ಅಂದ್ರೆ ಇದರದೇ ಒಂದು ಬಗೆ ನಮ್ಮ ಕಡೆಯಿಂದ ಅಮೆರಿಕಕ್ಕೇ ಹೋಗಿದೆ. 2000ದಲ್ಲಿ ಫ್ಲೋರಿಡಾದಲ್ಲಿ ಮೊದಲು ಸಿಕ್ಕಿತು. 'ಶ್ರೀಲಂಕಾ ಮೂತಿ ಹುಳ' ಅಂತ ಕರೆಯುತ್ತಾರೆ. ಅಲ್ಲೂ ದಾಸವಾಳ ಮೇಯುತ್ತಿದೆ.

ಅಳತೆಯನ್ನು ಮೂತಿ ಬಿಟ್ಟು ಹೇಳಿ. ಮೂತಿ ಬಾಗಿರುತ್ತದೆ, ಸೇರಿಸಿದರೆ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು. ಮತ್ತೆ ಪಕ್ಕದಿಂದ ಒಂದು ಫೋಟೋ ಬೇಕೇ ಬೇಕು. ಮೊಣಕೈ ಮಡಚಿದ ಹಾಗೆ ಮೀಸೆ ಮಡಚಿದೆಯಾ ನೋಡಿ. ಅಭ್ಯಾಸಕ್ಕೆ ಅಕ್ಕಿ ಡಬ್ಬದ ಹುಳ ಸಾಕು, ಲೆನ್ಸಿನಲ್ಲಿ ಚೆನ್ನಾಗಿ ಕಾಣುತ್ತದೆ.

ಸೋಮವಾರಪೇಟೆ ಕಾಫಿ
ಹಿಡಿಯುವುದಕ್ಕೆ ಕೊಡೆ ಸಾಕಕ್ಕ. ಬಿಚ್ಚಿ ತಲೆಕೆಳಗೆ ಗಿಡದಡಿ ಹಿಡಿದು ಕೊಂಬೆಗೆ ಕೋಲಿನಿಂದ ತಟ್ಟಿ. ಕಪ್ಪು ಬಟ್ಟೆ ಮೇಲೆ ಬೂದು ಹುಳ ಕಣ್ಣಿಗೆ ಹೊಡೆಯುತ್ತದೆ. ನಮಗೆ ಕೊಡೆಗೇನು ಬರ!

ಅಂದ ಹಾಗೆ, ನಮ್ಮ ಕಾಫಿ ಹಣ್ಣು ಕೊರೆಯುವ ಬೆರಿ ಬೋರರ್ ಕೂಡ ಇದೇ ಕುಟುಂಬ. ಸೊಂಡಿಲಿಲ್ಲ, ಅಷ್ಟೇ. ನನಗೆ ಮೊದಲ ಸಲ ಗೊತ್ತಾದಾಗ ನಂಬಿಕೆಯೇ ಬರಲಿಲ್ಲ.

ಪೊನ್ನಂಪೇಟೆ ಹುಳದಣ್ಣ
ಹಿಡಿದವನ್ನು ಸ್ಪಿರಿಟ್‌ನಲ್ಲಿಡಿ. ಪಿನ್ ಚುಚ್ಚಿ ಪೆಟ್ಟಿಗೆಯಲ್ಲಿಟ್ಟರೆ ಈ ಮಳೆಗೆ ಎರಡೇ ವಾರದಲ್ಲಿ ಬೂಷ್ಟು. ನನ್ನ ಒಂದು ಪೆಟ್ಟಿಗೆ ಪೂರಾ ಹೋಯಿತು. ಥಾಮಸ್ ಸೇ ಎಂಬ ಕೀಟ ತಜ್ಞರು 1831ರಲ್ಲಿ ಅಮೆರಿಕದ ಎಷ್ಟೋ ಮೂತಿ ಹುಳಗಳನ್ನು ವಿವರಿಸಿ ಬರೆದರು. ಅವರು ತೀರಿಹೋದ ಮೇಲೆ ಅವರ ಸಂಗ್ರಹದ ಬಹುಪಾಲನ್ನು ಬೇರೆ ಹುಳಗಳೇ ತಿಂದವು. ಉಳಿದದ್ದು ಬರೀ ಬರಹ. ಅವರು ಹೇಳಿದ್ದು ಯಾವ ಹುಳ ಅಂತ ಹಿಂದಿನಿಂದ ಬಂದವರು ಸಾಲು ಸಾಲು ಓದಿ ಊಹಿಸಬೇಕಾಯಿತು. ಚೀಟಿಯಲ್ಲಿ ಊರು, ತಾರೀಕು, ಗಿಡ ಬರೆಯಲು ಮರೀಬೇಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಸ್ಪಿರಿಟ್‌ಗೆ ಕರಗುತ್ತದೆ.

ಚೆಟ್ಟಳ್ಳಿ ತೋಟದಾಕೆ
ಯಜಮಾನರ ಕೊಡೆಯಲ್ಲಿ 11 ಸಿಕ್ಕವು! ಮೂತಿ ಮೊಂಡೇ, ಮೀಸೆ ಮಡಚಿದೆ. ಪಕ್ಕದ ಕಾಫಿ ಗಿಡಕ್ಕೂ ತಟ್ಟಿದೆ, ಇರುವೆ ಬಿಟ್ಟು ಏನೂ ಬೀಳಲಿಲ್ಲ. ತೊಡೆಯ ಮುಳ್ಳು ಎಣಿಸೋಣ ಅಂತ ಕೂತರೆ ಕರೆಂಟ್ ಹೋಯಿತು. ನಾಳೆ ಪಕ್ಕದ ಫೋಟೋ ಹಾಕ್ತೀನಿ ಅಣ್ಣ.