ಡುನಾಲಿಯೆಲ್ಲಾ ಟಬ್ಬು: ಡಿಎಪಿ ಹಾಕಿದ ಮರುದಿನ ಹಸರು ಹೋತು, ತಳದಾಗ ಬಿಳಿ ಪುಡಿ

ಪ್ರಶ್ನೆ (ಗದಗ)

ನಮಸ್ಕಾರ್ರಿ. ಮಾಳಿಗಿ ಮ್ಯಾಲೆ 20 ಲೀಟರಿನ ಬಿಳಿ ಟಬ್ಬಿನ್ಯಾಗ ಡುನಾಲಿಯೆಲ್ಲಾ ಸಲೈನಾ ಪಾಚಿ ಬೆಳಸಾಕತ್ತೀನಿ. ಬೋರಿನ ನೀರು, ಲೀಟರಿಗೆ 100 ಗ್ರಾಂ ಹರಳುಪ್ಪು, ಅಕ್ವೇರಿಯಂ ಪಂಪು. 12 ದಿನ ಚಲೋ ಹಸರಿತ್ತು. ಗೊಬ್ಬರ ಸಾಲವಲ್ದು ಅನಿಸಿ ರವಿವಾರ ಎರಡು ದೊಡ್ಡ ಚಮಚ ಡಿಎಪಿ ಕರಗಿಸಿ ಹಾಕಿದೆ. ಮರುದಿನ ಮಧ್ಯಾಹ್ನಕ್ಕ ಬಣ್ಣ ಹೋತು, ಮ್ಯಾಲೆ ನೊರಿ, ತಳದಾಗ ಸುಣ್ಣದಂಥ ಪುಡಿ. ಪಿಎಚ್ ಪಟ್ಟಿ 9ರ ಮ್ಯಾಲೆ ತೋರಸ್ತು. ಉಪ್ಪು ಹೆಚ್ಚಾಗಿ ಸತ್ವೇನ್ರಿ? ಇದರಿಂದ ಡೀಸೆಲ್ ತಗೀಬೇಕು ಅಂತ ಭಾಳ ಆಸೆ ಐತ್ರಿ.

ಉತ್ತರ (ಧಾರವಾಡ)

ಉಪ್ಪಿನ ಮ್ಯಾಲೆ ಅನುಮಾನ ಬ್ಯಾಡ್ರಿ. ರಾಜಸ್ಥಾನದ ಸಾಂಭರ್ ಸರೋವರದಂಥ ಕಡೆ ಬದುಕು ಪಾಚಿ ಅದು. ಹೊರಗ ಉಪ್ಪು ಏರಿದಂಗ ಒಳಗ ಗ್ಲಿಸರಾಲ್ ಅನ್ನೂ ದ್ರವ ಕೂಡಿಸಿಕೊಂಡು ತಾಳತೈತಿ.

ಕೊಂದದ್ದು ಡಿಎಪಿ. ಅದರಾಗಿನ ಸಾರಜನಕ ಅಮೋನಿಯಂ ರೂಪದಾಗ ಇರತೈತಿ. ಬಿಸಿಲಾಗ ಪಾಚಿ ಇಂಗಾಲದ ಡೈಆಕ್ಸೈಡ್ ಎಳಕೊಂಡಂಗ ಪಿಎಚ್ ಏರತೈತಿ, 9 ದಾಟಿತಂದ್ರ ಅಮೋನಿಯಂದಾಗ ದೊಡ್ಡ ಪಾಲು ಅಮೋನಿಯಾ ಆಗಿ ಕೋಶದೊಳಗ ನುಗ್ಗತೈತಿ. ಡುನಾಲಿಯೆಲ್ಲಾಕ್ಕ ಗಟ್ಟಿ ಕೋಶಭಿತ್ತಿ ಇಲ್ಲ, ತೆಳು ಪೊರಿ ಅಷ್ಟ. ಒಡದ ಕೋಶದ್ದ ಆ ನೊರಿ. ಪುಡಿ ಕ್ಯಾಲ್ಸಿಯಂ ಫಾಸ್ಫೇಟ್: ನಿಮ್ಮ ಬೋರಿನ ಗಡಸು ನೀರಿನ ಕ್ಯಾಲ್ಸಿಯಂ, ಡಿಎಪಿಯ ರಂಜಕ ಕೂಡಿದ್ದು. ರಂಜಕನೂ ಪಾಚಿಗೆ ದಕ್ಕಲಿಲ್ಲ.

ಹೊಸದಾಗಿ ಹೂಡ್ರಿ. ನಾಲ್ಕು ಪಾಲು ಫಿಲ್ಟರ್ ನೀರು, ಒಂದು ಪಾಲು ಬೋರಿನದು. ಸಾರಜನಕಕ್ಕ ಗೊಬ್ಬರದಂಗಡಿಯ 13-0-45, ಲೀಟರಿಗೆ ಅರ್ಧ ಗ್ರಾಂ, ಅದು ನೈಟ್ರೇಟ್, ಡಿಎಪಿಯಂಗ ಅಮೋನಿಯಾ ಆಗೂದಿಲ್ಲ. ರಂಜಕಕ್ಕ 0-52-34 ಗೊಬ್ಬರ, 20 ಲೀಟರಿಗೆ ಅರ್ಧ ಗ್ರಾಂ ಸಾಕು. ಹತ್ತಿ ಎಲಿ ಕೆಂಪಾದಾಗ ಹೊಡಿತಾರಲ್ಲ, ಆ ಮ್ಯಾಗ್ನೀಸಿಯಂ ಸಲ್ಫೇಟ್ ಲೀಟರಿಗೆ 1 ಗ್ರಾಂ. ಅಡಗಿ ಸೋಡಾ ಲೀಟರಿಗೆ ಅರ್ಧ ಗ್ರಾಂ. ಹಳೆ ನೀರನ್ನ ಗಿಡಕ್ಕ, ಹೊಲಕ್ಕ ಮಾತ್ರ ಚೆಲ್ಲಬ್ಯಾಡ್ರಿ, ಮಣ್ಣು ಕೆಡತೈತಿ.

ಡೀಸೆಲ್ ಲೆಕ್ಕ ನೀವ ಹಾಕಿ ನೋಡ್ರಿ. ಲೀಟರಿಗೆ ಒಣ ಪಾಚಿ 1 ಗ್ರಾಂ ಸಿಕ್ರ ಟಬ್ಬಿಗೆಲ್ಲ 20 ಗ್ರಾಂ, ಅದರಾಗ ಕಾಲು ಭಾಗ ಎಣ್ಣಿ ಅಂದ್ರೂ 5 ಗ್ರಾಂ. ಈ ಪಾಚಿಯ ನಿಜವಾದ ಬೆಲೆ ಬೀಟಾ ಕೆರೋಟಿನ್ ಅನ್ನೂ ಕಿತ್ತಳಿ ಬಣ್ಣ. ಚಲೋ ತಳಿಯಾಗ ಒಣ ತೂಕದ ಹತ್ತನೇ ಒಂದು ಪಾಲಿನ ತನಕ ತುಂಬತೈತಿ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಕೆಂಪೂ ಇದ ಕೆರೋಟಿನಾಯ್ಡ್ ಬಳಗದ್ದು. ನನಗಂತೂ ಡೀಸೆಲ್‌ಗಿಂತ ಆ ಬಣ್ಣದ ಬೆನ್ನು ಹತ್ತೂದ ಸರಿ ಅನಸ್ತೈತಿ.

ಪ್ರಶ್ನೆ (ಗದಗ), 10 ದಿನದ ಮ್ಯಾಲೆ

ಕಿಟಕ್ಯಾಗ ಅರ್ಧ ಬಾಟ್ಲಿ ಉಳದಿತ್ತು, ಅದರಿಂದನ ಹೂಡಿದೆ. ನೀರು ಮತ್ತ ಹಸರಾತ್ರಿ! ಸೂಕ್ಷ್ಮದರ್ಶಕದಾಗ ಎರಡೆರಡು ಬಾಲ ಬಡಕೊಂತ ಓಡಾಡ್ತಾವು. ಕಿತ್ತಳಿ ಬಣ್ಣ ಯಾವಾಗ ಬರತೈತಿ?

ಉತ್ತರ (ಧಾರವಾಡ)

ಹಸರು ದಟ್ಟ ಆಗೂತನಕ ತಡೀರಿ. ಆಮೇಲೆ 13-0-45 ಪೂರ್ತಿ ನಿಲ್ಲಿಸಿ ಅರ್ಧ ನೀರನ್ನ ಅಗಲ ತಟ್ಟಿಗೆ ಹಾಕಿ ಬಿಸಿಲಿಗಿಡ್ರಿ. ಉಪ್ಪು ದಿನಾ ಲೀಟರಿಗೆ 10 ಗ್ರಾಂದಂಗ ಏರಿಸಿ 200ಕ್ಕ ಒಯ್ಯಿರಿ. ಹಸಿವು, ಬಿಸಿಲು, ಉಪ್ಪು ಮೂರೂ ಕೂಡಿದ್ರ ಅದು ಕೆರೋಟಿನ್ ಹೆಚ್ಚು ಕಟ್ಟತೈತಿ. ಗದಗಿನ ಗಾಳಿಗೆ ನೀರು ಲಗೂ ಆರತೈತಿ, ತಟ್ಟಿ ಒಳಗ ಗೆರಿ ಹಾಕಿ ದಿನಾ ಸಂಜಿಗೆ ಅಲ್ಲಿತನಕ ಸಿಹಿನೀರು ಸ್ವಲ್ಪ ಸ್ವಲ್ಪ ತುಂಬ್ರಿ. ಮಳಿ ಬಂದ್ರ ಮುಚ್ಚರಿ. ಉಳಿದರ್ಧ ಹಸರನ್ನ ಮುಟ್ಟಬ್ಯಾಡ್ರಿ, ಅದು ನಿಮ್ಮ ಬೀಜ.