ಸಹಾಯ ಬೇಕು: ಮೊದಲ ಸಲ ಕ್ರೈಸ್ತ ಬರಹಗಾರರ ಸಮ್ಮೇಳನಕ್ಕೆ ಹೋಗುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವಳು. ಮುಂದಿನ ತಿಂಗಳು ಮಂಗಳೂರಿನ ಬಲ್ಮಠದಲ್ಲಿ ಕ್ರೈಸ್ತ ಬರಹಗಾರರ ಎರಡು ದಿನದ ಸಮ್ಮೇಳನ ಇದೆ. ಹೆಸರು ಕೊಟ್ಟಾಗಿದೆ, ಈಗ ಹೆದರಿಕೆ! ಇಲ್ಲಿಯವರೆಗೆ ಬರೆದದ್ದು ಇಗರ್ಜಿಯ ಪತ್ರಿಕೆಗೆ ನಾಲ್ಕೈದು ಲೇಖನ, ಅಷ್ಟೇ.

ಮುಖ್ಯವಾಗಿ ಕೇಳಬೇಕಾದದ್ದು ಹಸ್ತಪ್ರತಿಯ ವಿಷಯ. ನನ್ನ ಅಜ್ಜಿಯ ಪ್ರಾರ್ಥನೆಗಳ ಬಗ್ಗೆ ಸುಮಾರು 60 ಪುಟ ಬರೆದಿದ್ದೇನೆ. ಅಜ್ಜಿ ಮಾತಾಡುವುದು ಕೊಂಕಣಿ, ನಾನು ಬರೆದದ್ದು ಕನ್ನಡ. ಪ್ರಕಾಶಕರು ಸಿಕ್ಕರೆ ಪೂರ್ತಿ ಕಟ್ಟು ಕೈಗೆ ಕೊಡುವುದಾ, ಅಥವಾ ಒಂದು ಅಧ್ಯಾಯ ಮತ್ತು ಒಂದು ಪುಟದ ಸಾರಾಂಶ ಸಾಕಾ? ಊಟದ ಹೊತ್ತಿನಲ್ಲಿ ಹೋಗಿ ಮಾತಾಡಿಸಿದರೆ ತಪ್ಪು ತಿಳಿಯುತ್ತಾರಾ? ಕೊಂಕಣಿ ಮಾತುಗಳನ್ನು ಹಾಗೇ ಉಳಿಸಬಹುದಲ್ವಾ?

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಜರ್ಮನ್ ಪಾದ್ರಿ ಮೋಗ್ಲಿಂಗ್ ತಂದದ್ದು ಇದೇ ಮಂಗಳೂರಿನಲ್ಲಿ. ಅದನ್ನು ನೆನೆದರೆ ನನ್ನ ಕಟ್ಟು ಇನ್ನೂ ಸಣ್ಣದಾಗಿ ಕಾಣುತ್ತದೆ, ಬಿಡಿ.

ಇನ್ನೊಂದು, ರಾತ್ರಿ ಉಳಿಯಲು ಹೆಂಗಸರಿಗೆ ಹತ್ತಿರದಲ್ಲಿ ಕಡಿಮೆ ಬಾಡಿಗೆಯ ಜಾಗ ಇದೆಯಾ? ದಿನಾ ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ ಬರುವುದು ಕಷ್ಟ. ಸೀರೆಯೇ ಉಡಬೇಕು ಅಂತ ಅಮ್ಮನ ಹಟ. ಚೂಡಿದಾರ್ ನಡೆಯುತ್ತದೆ ಅಂತ ಯಾರಾದರೂ ಇಲ್ಲಿ ಬರೆದರೆ ಅಮ್ಮನಿಗೆ ತೋರಿಸುತ್ತೇನೆ.